ಎಡಿನ್‌ಬರ್ಗ್‌ನಲ್ಲಿ ಮೊದಲ ಸಲ ಸ್ಕಾಚ್ ಟೇಸ್ಟಿಂಗ್‌ಗೆ ಹೋಗುವವರೇ, ಸ್ವಲ್ಪ ಎಚ್ಚರ

ಸ್ಕಾಟ್ಲೆಂಡ್ ನೋಡಲು ಬರುವ ನಮ್ಮವರು ಕೋಟೆಯ ಟಿಕೆಟ್ ಕೇಳಿದ ಮೇಲೆ ಕೇಳುವ ಮುಂದಿನ ಪ್ರಶ್ನೆ, ಸ್ಕಾಚ್ ಟೇಸ್ಟಿಂಗ್ ಎಲ್ಲಿ ಚೆನ್ನಾಗಿರುತ್ತೆ ಅಂತ. ಎಲ್ಲಿಗೆ ಹೋಗಬೇಕು ಅನ್ನುವ ಮುಂಚೆ ಎಂಥ ಕಡೆ ಹೋಗಬಾರದು ಅಂತ ಹೇಳಿಬಿಡುತ್ತೇನೆ.

ಬೇಸಿಗೆಯಲ್ಲಿ ಅಕ್ಕ, ಭಾವ ಮೈಸೂರಿನಿಂದ ಇಲ್ಲಿಗೆ ಬಂದಿದ್ದರು. ಭಾವ ಊರಲ್ಲಿ ಅಪರೂಪಕ್ಕೆ ಸೋಡಾ, ಐಸ್ ಹಾಕಿಕೊಂಡು ವಿಸ್ಕಿ ಕುಡಿಯುವವರು. ಸಿಂಗಲ್ ಮಾಲ್ಟ್‌ನಲ್ಲಿ, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಬರೀ ಬಾರ್ಲಿ ಮೊಳಕೆಯಿಂದ ಇಳಿಸಿದ ವಿಸ್ಕಿಯಲ್ಲಿ, ಜನ ಅಷ್ಟೊಂದು ರುಚಿ ಹೇಗೆ ಹುಡುಕುತ್ತಾರೆ ಅಂತ ಕಲಿಯುವ ಆಸೆ ಅವರಿಗೆ. ಕೋಟೆಯಿಂದ ಇಳಿಯುವ ರಾಯಲ್ ಮೈಲ್ ಬೀದಿ ಹತ್ತಿರದ ಒಂದು ಅಂಗಡಿಯವರು ಹೊಸಬರಿಗಾಗಿಯೇ ಟೇಸ್ಟಿಂಗ್ ನಡೆಸುತ್ತೇವೆ ಅಂತ ಬೋರ್ಡ್ ಹಾಕಿದ್ದರು. ಒಬ್ಬರಿಗೆ 48 ಪೌಂಡ್. ನಾನು, ಭಾವ ಇಬ್ಬರೂ ಹೋದೆವು. ಹೊರಗೆ ಬಂದಾಗ ಭಾವನ ನಾಲಿಗೆ ಮರಗಟ್ಟಿತ್ತು, ಕೈಯಲ್ಲಿ ದುಬಾರಿ ಬಾಟಲಿ ಇತ್ತು. "ನನಗೆ ಈ ಸ್ಕಾಚ್ ಎಲ್ಲಾ ಆಗಿಬರಲ್ಲ ಕಣೋ" ಅಂದರು. ದುಡ್ಡು ಹೋಗಿದ್ದಕ್ಕಿಂತ ಆ ಮಾತು ಕೇಳಿ ನನಗೆ ಜಾಸ್ತಿ ಬೇಜಾರಾಯಿತು.

ಒಳಗೆ ನಡೆದದ್ದು ಹೇಳುತ್ತೇನೆ. ನಾವು ಹೋಗುವ ಹೊತ್ತಿಗೇ ಮೇಜಿನ ಮೇಲೆ ಐದೈದು ಗ್ಲಾಸ್ ಸುರಿದಿಟ್ಟಿದ್ದರು. ಮುಚ್ಚಳ ಇಲ್ಲ. ಯಾವಾಗ ಸುರಿದದ್ದೋ ಗೊತ್ತಿಲ್ಲ. ವಿಸ್ಕಿಯಲ್ಲಿ ಮೊದಲು ಹಾರಿಹೋಗುವುದೇ ಹಗುರವಾದ ಹಣ್ಣು, ಹೂವಿನ ಪರಿಮಳ. ಹೊಸಬರಿಗೆ ಸುಲಭವಾಗಿ ಸಿಗುವುದೂ ಅದೇ. ಮೇಜಿನ ಮೇಲೆ ನೀರಿನ ಜಗ್ ಇರಲಿಲ್ಲ. ಕೇಳಿದ್ದಕ್ಕೆ "ನಿಜವಾದ ವಿಸ್ಕಿಗೆ ನೀರು ಬೆರೆಸಲ್ಲ" ಅನ್ನುವ ಉತ್ತರ ಬಂತು.

ಮೊದಲ ಗ್ಲಾಸ್ ಐಲಾ ದ್ವೀಪದ ಹೊಗೆ ವಿಸ್ಕಿ. ಅದೂ ಕಾಸ್ಕ್ ಸ್ಟ್ರೆಂತ್, ಅಂದರೆ ಪೀಪಾಯಿಯಿಂದ ತೆಗೆದ ಮೇಲೆ ನೀರು ಸೇರಿಸದೆ ಬಾಟಲಿಗೆ ತುಂಬಿದ್ದು. ಶೇ. 58ರಷ್ಟು ಆಲ್ಕೋಹಾಲ್. ಇದು ತಪ್ಪು ಅಂತ ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಐಲಾದ ಅನೇಕ ಡಿಸ್ಟಿಲರಿಗಳಿಗೆ ಬಾರ್ಲಿ ಮೊಳಕೆಯನ್ನು ಪೀಟ್ ಹೊಗೆಯಲ್ಲಿ ಒಣಗಿಸುತ್ತಾರೆ. ಪೀಟ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಸಸ್ಯದ ಮಣ್ಣು. ಅದರ ಹೊಗೆಯಲ್ಲಿರುವ ಫೀನಾಲ್ ಅನ್ನುವ ಘಾಟು ವಾಸನೆಯ ರಾಸಾಯನಿಕಗಳು ಕಾಳಿಗೆ ಅಂಟಿಕೊಂಡು ವಿಸ್ಕಿಯವರೆಗೂ ಬರುತ್ತವೆ. ಟಾರು, ಅಯೋಡಿನ್, ಆಸ್ಪತ್ರೆಯ ವಾಸನೆ ಅಂತ ಜನ ಹೇಳುವುದು ಅದಕ್ಕೇ. ಒಮ್ಮೆ ಬಾಯಿ ಹೊಕ್ಕರೆ ಬೇಗ ಬಿಡುವುದಿಲ್ಲ. ಅದರ ಮೇಲೆ 58ರ ಉರಿ. ಆಮೇಲೆ ಕೊಟ್ಟ ನಾಲ್ಕೂ ಗ್ಲಾಸ್ ಭಾವನಿಗೆ ಒಂದೇ ಥರ ಕಂಡವು. ಕಾಣಲೇಬೇಕಲ್ವಾ? ಕಲಿಸುವ ಮನಸ್ಸಿದ್ದವರು ಹಗುರವಾದದ್ದರಿಂದ ಶುರುಮಾಡಿ ಹೊಗೆಯನ್ನು ಕೊನೆಗೆ ಇಡುತ್ತಾರೆ.

ನೀರಿನ ಮಾತು ಇನ್ನೂ ದೊಡ್ಡ ಅನ್ಯಾಯ. ವಿಸ್ಕಿ ಬೆರೆಸುವುದನ್ನೇ ಕಸುಬು ಮಾಡಿಕೊಂಡಿರುವ ಬ್ಲೆಂಡರ್‌ಗಳು ಮೂಸುವಾಗ ನೀರು ಸೇರಿಸಿ ಆಲ್ಕೋಹಾಲನ್ನು ಸುಮಾರು ಶೇ. 20ಕ್ಕೆ ಇಳಿಸಿಕೊಳ್ಳುತ್ತಾರೆ. 2017ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕಂಪ್ಯೂಟರ್ ಲೆಕ್ಕಾಚಾರದಿಂದ ಇದನ್ನೇ ನೋಡಿದರು. ಹೊಗೆಯ ಪರಿಮಳ ಕೊಡುವ ಗ್ವಾಯಕಾಲ್ ಅನ್ನುವ ಅಣು, ಆಲ್ಕೋಹಾಲ್ ಶೇ. 45ರವರೆಗೆ ಇರುವಾಗ ದ್ರವದ ಮೇಲ್ಭಾಗದಲ್ಲಿ ಸೇರಿಕೊಳ್ಳುತ್ತದೆ. ಶೇ. 59 ದಾಟಿದರೆ ಆಲ್ಕೋಹಾಲ್ ಅದನ್ನು ಸುತ್ತುವರಿದು ಒಳಗೆಳೆದುಕೊಳ್ಳುತ್ತದೆ. ಅಂದರೆ ಒಂದೆರಡು ಚಮಚ ನೀರು ಪರಿಮಳವನ್ನು ಮೂಗಿನ ಹತ್ತಿರಕ್ಕೆ ತರುತ್ತದೆ. ಊರಲ್ಲಿ ನೀರು ಹಾಕಿ ಕುಡಿದು ರೂಢಿಯಿದ್ದ ಒಬ್ಬ ಮನುಷ್ಯನಿಗೆ ಎಲ್ಲರ ಮುಂದೆ ನಾಚಿಕೆ ಆಗುವ ಹಾಗೆ ಮಾಡಿದರಲ್ಲ, ಅದು ನನಗೆ ಇನ್ನೂ ನುಂಗಲಾಗುತ್ತಿಲ್ಲ.

ರುಚಿ ಹೇಳಿಕೊಟ್ಟ ರೀತಿಯೂ ಹಾಗೇ. ಪ್ರತಿ ಗ್ಲಾಸಿಗೂ ಒಂದು ಅಚ್ಚು ಹಾಕಿದ ಕಾರ್ಡು. ಮೂಸುವ ಮುಂಚೆಯೇ ಅದನ್ನು ಜೋರಾಗಿ ಓದುತ್ತಿದ್ದರು. ಹೀದರ್ ಹೂವು, ಸಮುದ್ರದ ಉಪ್ಪು, ಕ್ರಿಸ್‌ಮಸ್ ಕೇಕ್. ಹೀದರ್ ಹೂವನ್ನೇ ನೋಡದವರು ಅದರ ವಾಸನೆ ಹೇಗೆ ಹುಡುಕಬೇಕು? ಭಾವ ಮಾತ್ರ ಮೊದಲ ಗ್ಲಾಸ್ ಮೂಸಿ, "ಅಜ್ಜಿ ಮನೆಯ ಬಚ್ಚಲೊಲೆ ಹೊಗೆ ಥರ ಇದೆ" ಅಂದರು. ನಾನು ಅದನ್ನು ಇಂಗ್ಲಿಷ್‌ನಲ್ಲಿ ಹೇಳಿದೆ. ನಡೆಸುವವರು ತಲೆಯಾಡಿಸಿ, ಇಲ್ಲ, ಕಾರ್ಡಿನಲ್ಲಿ ಇರುವುದು ನೋಡಿ ಅಂದರು. ಆಮೇಲೆ ಭಾವ ಬಾಯಿಬಿಡಲಿಲ್ಲ. ಸೌದೆ ಹೊಗೆಯನ್ನು ಸರಿಯಾಗಿ ಹಿಡಿದ ಮೂಗು ಅದು! ಅಂಥ ನೆನಪಿನಿಂದಲೇ ತಾನೇ ರುಚಿ ಕಲಿಯುವುದು ಶುರುವಾಗಬೇಕು? ಅಮೆರಿಕನ್ ಓಕ್ ಪೀಪಾಯಿಯಿಂದ ವೆನಿಲ್ಲಾ ಬರುತ್ತದೆ, ಕೊಬ್ಬರಿಯ ಪರಿಮಳ ಬರುತ್ತದೆ. ಶೆರ್ರಿ ಅನ್ನುವ ಸ್ಪೇನಿನ ವೈನ್ ತುಂಬಿಟ್ಟಿದ್ದ ಪೀಪಾಯಿಯಿಂದ ಒಣದ್ರಾಕ್ಷಿ, ಅಂಜೂರ. ಹುದುಗು ಬರುವಾಗ ಹುಟ್ಟುವ ಎಸ್ಟರ್ ಅನ್ನುವ ಪರಿಮಳದ ರಾಸಾಯನಿಕಗಳಿಂದ ಬಾಳೆಹಣ್ಣು, ಪೇರಳೆ. ನಮ್ಮ ಅಡುಗೆಮನೆ, ಹಿತ್ತಿಲಿನಲ್ಲೇ ಇರುವ ವಾಸನೆಗಳು ಇವು.

ಮೂರನೇ ಗ್ಲಾಸ್ ತೋರಿಸಿ, ಬಣ್ಣ ಇಷ್ಟು ಗಾಢ ಇದೆ, ತುಂಬಾ ಹಳೆಯದು ಅಂದರು. ಇದನ್ನು ನಂಬಬೇಡಿ. ಭಟ್ಟಿಯಿಂದ ಬರುವಾಗ ವಿಸ್ಕಿಗೆ ಬಣ್ಣವೇ ಇರುವುದಿಲ್ಲ. ಪೀಪಾಯಿಯಿಂದ ಬರುತ್ತದೆ ನಿಜ. ಆದರೆ ಇ150ಎ ಅನ್ನುವ ಕ್ಯಾರಮೆಲ್ ಬಣ್ಣ ಸೇರಿಸಲು ಸ್ಕಾಚ್‌ಗೆ ಕಾನೂನಿನಲ್ಲೇ ಅವಕಾಶ ಇದೆ. ವಯಸ್ಸು ತಿಳಿಯಬೇಕಿದ್ದರೆ ಲೇಬಲ್ ನೋಡಿ. ಅದರ ಮೇಲೆ 12 ಅಂತ ಇದ್ದರೆ, ಬಾಟಲಿಯಲ್ಲಿ ಬೆರೆತಿರುವ ವಿಸ್ಕಿಗಳಲ್ಲಿ ಅತಿ ಕಡಿಮೆ ವಯಸ್ಸಿನದಕ್ಕೂ 12 ವರ್ಷ ಆಗಿರಲೇಬೇಕು. 2009ರ ಸ್ಕಾಚ್ ವಿಸ್ಕಿ ನಿಯಮ ಹಾಗಿದೆ. ಆ ಬಾಟಲಿ ಮೇಲೆ ವಯಸ್ಸೇ ಇರಲಿಲ್ಲ. ಹಾಗಿದ್ದಾಗ ಕಾನೂನು ಕೊಡುವ ಖಾತರಿ ಓಕ್ ಪೀಪಾಯಿಯಲ್ಲಿ 3 ವರ್ಷ ಅಷ್ಟೇ. ವಯಸ್ಸು ಬರೆಯದ ಒಳ್ಳೆಯ ವಿಸ್ಕಿಗಳೂ ಬೇಕಾದಷ್ಟಿವೆ, ಅದು ಬೇರೆ ವಿಷಯ. ಇಲ್ಲಿ ಬಣ್ಣ ತೋರಿಸಿ ಬೆಲೆ ಏರಿಸುತ್ತಿದ್ದರು.

ಐದನೇ ಗ್ಲಾಸ್ ಮುಗಿಯುವ ಮುಂಚೆಯೇ ಬಿಲ್ ಮೆಷಿನ್ ಬಂತು. ಅದೇ ಗಾಢ ಬಣ್ಣದ ಬಾಟಲಿ ಒಂದಕ್ಕೆ 140 ಪೌಂಡ್. "ಮೂರು ತಗೊಂಡರೆ ಕಡಿಮೆ, ಇವತ್ತು ಸಂಜೆ ಮಾತ್ರ." ಈ ಒಂದು ವಾಕ್ಯದಲ್ಲೇ ಎರಡು ತಪ್ಪಿದೆ. ಸ್ಕಾಟ್ಲೆಂಡ್‌ನಲ್ಲಿ ಜಾಸ್ತಿ ಬಾಟಲಿ ತಗೊಂಡರೆ ರಿಯಾಯಿತಿ ಅನ್ನುವ ಮಾರಾಟವನ್ನು 2011ರ ಅಕ್ಟೋಬರ್‌ನಿಂದ ಅಂಗಡಿಗಳಲ್ಲಿ ನಿಷೇಧಿಸಿದ್ದಾರೆ. ಮದ್ಯದ ಬೆಲೆ ಒಮ್ಮೆ ಬದಲಿಸಿದರೆ 72 ಗಂಟೆ ಮತ್ತೆ ಬದಲಿಸುವ ಹಾಗಿಲ್ಲ. ಹಾಗಾಗಿ ಸಂಜೆಗೆ ಮಾತ್ರ ಅನ್ನುವ ಬೆಲೆ ಇಲ್ಲಿ ಇರಲೇಬಾರದು. ಇನ್ನೊಂದು ವಿಷಯ. ಇಲ್ಲಿನ ಬಾಟಲಿ 700 ಮಿಲಿ. ಮೂರು ಅಂದರೆ 2.1 ಲೀಟರ್. ನಮ್ಮ ದೇಶಕ್ಕೆ ಸುಂಕ ಇಲ್ಲದೆ ಒಬ್ಬರು ತರಬಹುದಾದದ್ದು 2 ಲೀಟರ್. ಪ್ರವಾಸಿಗರಿಗೆ ಮಾರುವವರು ಇದನ್ನು ಹೇಳಬೇಕಿತ್ತು, ಹೇಳಲಿಲ್ಲ.

ಐದು ಗ್ಲಾಸ್ ಆದ ಮೇಲೆ, ಸುತ್ತ ಎಲ್ಲರೂ ದುಡ್ಡು ಕೊಡಲು ಬ್ಯಾಂಕ್ ಕಾರ್ಡ್ ತೆಗೆಯುತ್ತಿರುವಾಗ, ಬರಿಗೈಯಲ್ಲಿ ಏಳುವುದು ಭಾವನಿಗೆ ಕಷ್ಟವಾಯಿತು. ಒಂದು ತಗೊಂಡರು. ಮಾರನೇ ದಿನ ಎಡಿನ್‌ಬರ್ಗ್‌ನದೇ ಬಂದರು ಬಡಾವಣೆ ಲೀತ್‌ನ ಒಂದು ಅಂಗಡಿಯಲ್ಲಿ ಅದೇ ಬಾಟಲಿ 82 ಪೌಂಡಿಗೆ ಇತ್ತು. ಅಂಗಡಿಯಲ್ಲಿ ಎದುರಿಗೇ ನಿಂತು ಕೊಂಡಿದ್ದನ್ನು ಬರೀ ಮನಸ್ಸು ಬದಲಾಯಿತು ಅಂತ ವಾಪಸ್ ಕೊಡುವ ಹಕ್ಕು ಇಲ್ಲಿ ಇಲ್ಲ. 14 ದಿನದ ಅವಕಾಶ ಇರುವುದು ಆನ್‌ಲೈನ್‌ನಂಥ ಖರೀದಿಗೆ.

ಒಂದು ಪೂರ್ತಿ ಪೀಪಾಯಿ ವಿಸ್ಕಿಯ ಮೇಲೇ ದುಡ್ಡು ಹೂಡಿ, ಹತ್ತು ವರ್ಷಕ್ಕೆ ಎಷ್ಟೋ ಪಟ್ಟು ಆಗುತ್ತೆ ಅನ್ನುವ ಕರಪತ್ರವನ್ನೂ ಕೈಗಿಟ್ಟರು. ದಯವಿಟ್ಟು ಅದರ ಹತ್ತಿರ ಹೋಗಬೇಡಿ. ಬ್ರಿಟನ್ನಿನ ಹಣಕಾಸು ನಿಯಂತ್ರಣ ಸಂಸ್ಥೆಯ ರಕ್ಷಣೆ ಇದಕ್ಕಿಲ್ಲ. ಒಂದೇ ಪೀಪಾಯಿಯನ್ನು ಹಲವರಿಗೆ ಮಾರಿದ ಪ್ರಕರಣಗಳಿವೆ. ಚೆಂದದ ಸರ್ಟಿಫಿಕೇಟ್ ಕೊಟ್ಟರೂ, ಪೀಪಾಯಿ ಇಟ್ಟಿರುವ ಗೋದಾಮಿನವರ ಲೆಕ್ಕದಲ್ಲಿ ನಿಮ್ಮ ಹೆಸರು ಬರದಿದ್ದರೆ ಪೀಪಾಯಿ ನಿಮ್ಮದಲ್ಲ.

ಭಾವ ಊರಿಗೆ ಹೋಗುವ ಮುಂಚೆ ಹಟ ಮಾಡಿ ಲೀತ್‌ನ ಒಂದು ಸಾಧಾರಣ ಪಬ್‌ಗೆ ಕರೆದುಕೊಂಡು ಹೋದೆ. "ಬೇಡ ಬಿಡೋ, ಸುಮ್ನೆ ದುಡ್ಡು ದಂಡ" ಅಂದರು. "ಒಂದೇ ಒಂದು ನೋಡಿ ಭಾವ, ಹಿಡಿಸದಿದ್ದರೆ ಎದ್ದು ಹೋಗೋಣ" ಅಂದೆ. ಕೌಂಟರ್‌ನಲ್ಲಿದ್ದ ಹುಡುಗಿ, ನಿಮಗೆ ಯಾವ ಹಣ್ಣು ಇಷ್ಟ ಅಂತ ಮೊದಲು ಕೇಳಿದಳು. ಆಖೆಂಟೋಷನ್ ಕೊಟ್ಟಳು. ದಕ್ಷಿಣ ಸ್ಕಾಟ್ಲೆಂಡಿನ ಲೋಲ್ಯಾಂಡ್ಸ್ ಪ್ರದೇಶದ, ಮೂರು ಸಲ ಭಟ್ಟಿ ಇಳಿಸುವ, ಹಗುರವಾದ ವಿಸ್ಕಿ. 25 ಮಿಲಿ, ಪಕ್ಕದಲ್ಲಿ ನೀರಿನ ಪುಟ್ಟ ಜಗ್. ಬಾಯಿ ಸ್ವಲ್ಪ ತೆರೆದುಕೊಂಡು ಮೂಸಿ, ಮೂಗು ಒಳಗೆ ತೂರಿಸಬೇಡಿ ಅಂದಳು. ಹೋಗಿಬಿಟ್ಟಳು. ಕಾರ್ಡಿಲ್ಲ, ಭಾಷಣ ಇಲ್ಲ. ಬಹಳ ಹೊತ್ತಿನ ಮೇಲೆ ಭಾವ, "ನಿಂಬೆ ಸಿಪ್ಪೆ ಅಲ್ವೇನೋ?" ಅಂದರು. ಎರಡನೆಯದು ಗ್ಲೆನ್‌ಫಾರ್ಕ್ಲಸ್, ಶೆರ್ರಿ ಪೀಪಾಯಿಯದು. ಒಣದ್ರಾಕ್ಷಿ, ಬೆಲ್ಲದ ಪಾಕ ಅಂತ ಅವರೇ ಹೇಳಿದರು. ಅಲ್ಲಿಗೇ ಸಾಕು ಅಂತ ಎದ್ದೆವು. ಎರಡಕ್ಕೂ ಸೇರಿ ಆ ಟೇಸ್ಟಿಂಗ್‌ನ ಕಾಲು ಭಾಗ ದುಡ್ಡೂ ಆಗಲಿಲ್ಲ.

ಹಾಗಾಗಿ ಬುಕ್ ಮಾಡುವ ಮುಂಚೆ ಒಂದು ಇಮೇಲ್ ಹಾಕಿ ಕೇಳಿ. ಯಾವ ಯಾವ ವಿಸ್ಕಿ, ಯಾವ ಕ್ರಮದಲ್ಲಿ, ಪ್ರತಿಯೊಂದರ ಶೇಕಡಾ ಎಷ್ಟು, ನೀರು ಇಡುತ್ತೀರಾ, ಕೊನೆಯಲ್ಲಿ ಮಾರಾಟ ಇದೆಯಾ. ಬಾಡಿಗೆ ಕಾರು ಇದ್ದವರು, ನನ್ನ ಪಾಲನ್ನು ಪುಟ್ಟ ಶೀಶೆಯಲ್ಲಿ ಕಟ್ಟಿಕೊಡುತ್ತೀರಾ ಅಂತಲೂ ಕೇಳಿ. ಅನೇಕ ಡಿಸ್ಟಿಲರಿಗಳು ಕೊಡುತ್ತವೆ. ಇಲ್ಲಿ ಕುಡಿದು ಓಡಿಸುವುದರ ಮಿತಿ 2014ರಿಂದ ಇಂಗ್ಲೆಂಡಿಗಿಂತ ಕಟ್ಟುನಿಟ್ಟು, 100 ಮಿಲಿ ರಕ್ತಕ್ಕೆ 50 ಮಿಲಿಗ್ರಾಂ. ಒಳ್ಳೆಯ ಕಡೆಯವರು ಇಂಥ ಪ್ರಶ್ನೆಗೆ ಖುಷಿಯಿಂದ ಉತ್ತರ ಬರೆಯುತ್ತಾರೆ. ಉತ್ತರ ಬರದಿದ್ದರೆ ಹೋಗಬೇಡಿ. ಈಗಾಗಲೇ ಇಂಥದ್ದರಲ್ಲಿ ಸಿಕ್ಕಿಕೊಂಡಿದ್ದರೆ ರಸೀದಿ ಇಟ್ಟುಕೊಂಡು ಅಂಗಡಿ ಇರುವ ಊರಿನ ಕೌನ್ಸಿಲ್‌ನಲ್ಲಿ ವ್ಯಾಪಾರದ ಮೋಸಗಳನ್ನು ನೋಡುವ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ವಿಭಾಗಕ್ಕೂ, ಮದ್ಯ ಮಾರಲು ಪರವಾನಗಿ ಕೊಡುವ ಲೈಸೆನ್ಸಿಂಗ್ ಬೋರ್ಡ್‌ಗೂ ಬರೆಯಿರಿ. ನಾವೂ ಬರೆದಿದ್ದೇವೆ.