ತಪಸ್ಸುಕಾಲಕ್ಕೆ ಕಾಫಿ ಬಿಡುವವರಿಗೆ ಬರೀ ಚಿಕೋರಿ ಪುಡಿ: ಕೊಳ್ಳಬಹುದೇ?

ಹಾಲು ಹಾಕಿ ಕುಡಿಯುವವರು ಕೊಳ್ಳಬಹುದು, ಕಪ್ಪು ಕಾಫಿಯವರಿಗೆ ಬೇಡ. ಹುರಿದ ಚಿಕೋರಿ ಬೇರಿನ ಪುಡಿಯ ಬಗ್ಗೆ ಚುಟುಕಾಗಿ ಹೇಳುವುದಾದರೆ ಇಷ್ಟೇ. ಉಳಿದದ್ದೆಲ್ಲ ಅದನ್ನು ಹೇಗೆ ಕೊಳ್ಳುತ್ತೀರಿ, ಹೇಗೆ ಮಾಡುತ್ತೀರಿ, ಕಾಫಿಯನ್ನು ಯಾವ ದಿನದಿಂದ ಇಳಿಸುತ್ತಾ ಬರುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಮೊದಲು ನೇಮದ ಮಾತು. ತಪಸ್ಸುಕಾಲದಲ್ಲಿ, ಅಂದರೆ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ಕ್ರೈಸ್ತ ವ್ರತಕಾಲದಲ್ಲಿ, ಕಾಫಿ ಬಿಡಬೇಕೆಂದು ಕಥೋಲಿಕ ಧರ್ಮಸಭೆ ಎಲ್ಲೂ ಹೇಳಿಲ್ಲ. ಕಡ್ಡಾಯ ಉಪವಾಸ ಆ ಕಾಲ ಶುರುವಾಗುವ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಮಾತ್ರ, ಅದೂ 18ರಿಂದ 59 ವರ್ಷದವರಿಗೆ. ಕಾಫಿ, ಸಿಹಿ, ಮೊಬೈಲು ಬಿಡುವುದೆಲ್ಲ ಅವರವರೇ ಹಾಕಿಕೊಳ್ಳುವ ನೇಮ. ಹಾಗಾಗಿ ಚಿಕೋರಿ ಕುಡಿದರೆ ನೇಮ ಮುರಿಯಿತೇ ಎಂಬ ಪ್ರಶ್ನೆಗೆ ಉತ್ತರ ನೀವು ಬಿಡುತ್ತಿರುವುದು ಏನನ್ನು ಎನ್ನುವುದರಲ್ಲಿದೆ. ಕೆಫೀನಿನ ಹಿಡಿತ ಬಿಡಿಸಿಕೊಳ್ಳುವುದು ಉದ್ದೇಶವಾದರೆ ಚಿಕೋರಿ ಒಳ್ಳೆಯ ಊರುಗೋಲು, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ನಾಲಿಗೆಯ ಸುಖ ಬಿಡುವುದು ಉದ್ದೇಶವಾದರೆ, ಗಟ್ಟಿ ಹಾಲಿನ ನೊರೆ ಚಿಕೋರಿ ಕುಡಿದು ತಪಸ್ಸು ಎನ್ನುವುದು ಸ್ವಲ್ಪ ನಾಟಕವೇ. ಬಿಸಿನೀರು ಕುಡಿಯಿರಿ.

ಕೊಳ್ಳುವಲ್ಲಿಯೇ ಹೆಚ್ಚು ಜನ ಎಡವುತ್ತಾರೆ. ಅಂಗಡಿಯ ಇನ್‌ಸ್ಟಂಟ್ ಪ್ಯಾಕೆಟ್ಟಿನಲ್ಲಿ 'ಚಿಕೋರಿ' ಅಂತ ಕಂಡರೆ ಅದು ಮಿಶ್ರಣ. ನಮ್ಮ ದೇಶದ ಆಹಾರ ನಿಯಮದಂತೆ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ತೂಕದಲ್ಲಿ ಶೇ. 51ಕ್ಕೆ ಕಡಿಮೆ ಇರುವ ಹಾಗಿಲ್ಲ, ಎರಡರ ಪ್ರಮಾಣವನ್ನೂ ಪ್ಯಾಕೆಟ್ಟಿನ ಮೇಲೆ ಬರೆದಿರಲೇಬೇಕು. ಅಂದರೆ ಅದನ್ನು ಕುಡಿದರೆ ಕಾಫಿ ಬಿಟ್ಟಂತಾಗುವುದಿಲ್ಲ. ಬರೀ ಚಿಕೋರಿ ಸಿಗುವುದು ಬೀಜ ಹುರಿದು ಪುಡಿ ಮಾಡಿ ಕೊಡುವ ಕಾಫಿಪುಡಿ ಅಂಗಡಿಗಳಲ್ಲಿ. 'ಎಂಬತ್ತು-ಇಪ್ಪತ್ತು' (ಕಾಫಿ ಎಂಬತ್ತು, ಚಿಕೋರಿ ಇಪ್ಪತ್ತು ಪಾಲು) ಕೇಳುವ ಜಾಗದಲ್ಲಿ 'ಚಿಕೋರಿ ಒಂದೇ ಇನ್ನೂರು ಗ್ರಾಂ' ಎನ್ನಿ. ಅದನ್ನು ಬೀಸುವ ಯಂತ್ರಕ್ಕೆ ಹಾಕಲು ಬಿಡಬೇಡಿ, ಹಿಂದಿನ ಗಿರಾಕಿಯ ಕಾಫಿಪುಡಿ ಅದರಲ್ಲಿ ಉಳಿದಿರುತ್ತದೆ. ಡಬ್ಬದಿಂದ ನೇರ ತೂಗಿಸಿಕೊಳ್ಳಿ. ದಿನಕ್ಕೆ ಎರಡು ಲೋಟ, ಲೋಟಕ್ಕೆ ಎರಡೂವರೆ ಗ್ರಾಂ ಲೆಕ್ಕದಲ್ಲಿ 40 ದಿನಕ್ಕೆ 200 ಗ್ರಾಂ ಸರಿಹೋಗುತ್ತದೆ. ಭಾನುವಾರಗಳನ್ನೂ ಸೇರಿಸಿದರೆ 46 ದಿನ, 230 ಗ್ರಾಂ.

ಮಾಡುವ ಕ್ರಮ ಕಾಫಿಯದ್ದಲ್ಲ. ಫಿಲ್ಟರಿಗೆ ಬರೀ ಚಿಕೋರಿ ಹಾಕಿದರೆ ಪುಡಿ ನೀರು ಕುಡಿದು ಉಬ್ಬಿ, ಅಂಟಂಟಾಗಿ ತೂತು ಕಟ್ಟಿಕೊಳ್ಳುತ್ತದೆ. ಮೇಲಿನ ಬಟ್ಟಲಲ್ಲಿ ನೀರು ನಿಂತೇ ಇರುತ್ತದೆ, ಕೆಳಗೆ ಹನಿ ಬೀಳುವುದಿಲ್ಲ. ಪಾತ್ರೆಯಲ್ಲಿ ಕುದಿಸುವುದೇ ಸರಿ. 60 ಮಿ.ಲೀ. ನೀರು ಕುದಿ ಬಂದಾಗ ತಲೆ ಹೊಡೆದ ಒಂದು ಟೀ ಚಮಚ ಪುಡಿ ಹಾಕಿ, ಉರಿ ಸಣ್ಣಗೆ ಮಾಡಿ ಒಂದು ನಿಮಿಷ, ಆಮೇಲೆ ಮುಚ್ಚಿಟ್ಟು ಎರಡು ನಿಮಿಷ. ತೆಳು ಬಟ್ಟೆಯಲ್ಲಿ ಸೋಸಿ, ಟೀ ಜರಡಿಯಲ್ಲಿ ಗಸಿ ಇಳಿದುಬಿಡುತ್ತದೆ. 100 ಮಿ.ಲೀ. ಬಿಸಿ ಹಾಲು ಸೇರಿಸಿ. ಹಾಲಿಗೇ ನೇರವಾಗಿ ಪುಡಿ ಹಾಕಿ ಕುದಿಸಿದರೆ ಲೋಟದ ತಳದಲ್ಲಿ ಕೆಸರು ಕೂರುತ್ತದೆ. ಹುರಿಯುವಾಗ ಬೇರಿನ ಸಕ್ಕರೆ ಕರಕಲಾಗುವುದರಿಂದ ಬೆಲ್ಲದ ಪಾಕದಂಥ ಕಹಿ-ಸಿಹಿ ತಾನಾಗಿಯೇ ಇರುತ್ತದೆ. ಸಕ್ಕರೆ ಅರ್ಧಕ್ಕೆ ಇಳಿಸಿ ನೋಡಿ. ಹೆಚ್ಚು ಕುದಿಸಿದರೆ ಆ ಕಹಿ ಗಂಟಲಲ್ಲೇ ಉಳಿಯುತ್ತದೆ.

ರುಚಿ ಹೇಗೆ? ಬಣ್ಣ ಪಕ್ಕಾ ಕಾಫಿ, ಮೈಯೂ ದಪ್ಪ. ಘಮ ಮಾತ್ರ ಅರ್ಧ, ಕಾಫಿಯ ಹುಳಿ ಸೊಗಡು ಪೂರ್ತಿ ನಾಪತ್ತೆ. ಹಾಲಿಲ್ಲದೆ ಕುಡಿದರೆ ಸುಟ್ಟ ವಾಸನೆಯ ಕಷಾಯ.

ಕಾಫಿ ಬಿಟ್ಟಾಗ ಬರುವ ತಲೆನೋವಿನ ವಿಷಯಕ್ಕೆ ಬಂದರೆ, ಅದನ್ನು ಚಿಕೋರಿ ತಡೆಯುವುದಿಲ್ಲ. ದಿನಾ ಎರಡು-ಮೂರು ಲೋಟ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆ ಭಾರವಾಗತೊಡಗುತ್ತದೆ, ಒಂದೆರಡು ದಿನದಲ್ಲಿ ನೋವು ಜೋರಾಗಿ, ಎರಡರಿಂದ ಒಂಬತ್ತು ದಿನದೊಳಗೆ ಇಳಿಯುತ್ತದೆ. ಮೆದುಳಿನ ರಕ್ತನಾಳಗಳನ್ನು ಬಿಗಿಯಾಗಿಡುತ್ತಿದ್ದ ಕೆಫೀನ್ ಇಲ್ಲದೆ ಅವು ಹಿಗ್ಗುವುದೇ ಮುಖ್ಯ ಕಾರಣ. ಅದೂ ಬೂದಿ ಬುಧವಾರದ ಉಪವಾಸದ ಜೊತೆ ಬಂದರೆ ಮಧ್ಯಾಹ್ನದೊಳಗೆ ಸಂಕಲ್ಪ ಮುಗಿಯುತ್ತದೆ. ಹಿಂದಿನ ವಾರವೇ ಪುಡಿಯಲ್ಲಿ ಇಳಿಸಿ: ಮೂರು ದಿನ ಕಾಫಿ-ಚಿಕೋರಿ ಅರ್ಧಕ್ಕರ್ಧ, ಮುಂದಿನ ಮೂರು ದಿನ ಕಾಫಿ ಕಾಲುಭಾಗ, ಆಮೇಲೆ ಬರೀ ಚಿಕೋರಿ. ನೋವಿಗೆ ಮಾತ್ರೆ ನುಂಗುವ ಮುನ್ನ ಪಟ್ಟಿಯ ಹಿಂಬದಿ ಓದಿ, ಕೆಲವು ತಲೆನೋವಿನ ಮಾತ್ರೆಗಳಲ್ಲಿ ಕೆಫೀನ್ ಇರುತ್ತದೆ. ಕಾಫಿ ಬಿಟ್ಟು ಚಹಾ ದುಪ್ಪಟ್ಟು ಮಾಡುವವರಿಗೆ ನೋವು ಬರುವುದಿಲ್ಲ, ಯಾಕೆಂದರೆ ಅವರು ಕೆಫೀನ್ ಬಿಟ್ಟೇ ಇಲ್ಲ. ಡಿಕ್ಯಾಫ್, ಅಂದರೆ ಕೆಫೀನ್ ತೆಗೆದ ಕಾಫಿ, ಕೂಡ ಪೂರ್ತಿ ಖಾಲಿಯಲ್ಲ, ಲೋಟಕ್ಕೆ ಕೆಲವು ಮಿಲಿಗ್ರಾಂ ಉಳಿದಿರುತ್ತದೆ. ಘಮದಲ್ಲಿ ಚಿಕೋರಿಗಿಂತ ಮೇಲು, ಬೆಲೆಯಲ್ಲಿ ಬಹಳ ದುಬಾರಿ. ಬಿಟ್ಟಿದ್ದರಿಂದ ಉಳಿದ ಹಣ ದಾನಕ್ಕೆ ಹೋಗಬೇಕು ಅನ್ನುವ ಕಾಲದಲ್ಲಿ ಅದು ಯಾಕೋ ಹೊಂದುವುದಿಲ್ಲ.

ಹೊಟ್ಟೆಯ ಕಡೆ ಗಮನವಿರಲಿ. ಚಿಕೋರಿಯಲ್ಲಿ ಇನ್ಯುಲಿನ್ ಎಂಬ ನಾರಿನಂಶವಿದೆ, ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ. ಮೊದಲ ದಿನವೇ ನಾಲ್ಕು ಲೋಟ ಕುಡಿದರೆ ಹೊಟ್ಟೆಯುಬ್ಬರ, ಕೆಲವರಿಗೆ ಭೇದಿ. ಒಂದು ಲೋಟದಿಂದ ಶುರುಮಾಡಿ. ಇದು ಸೇವಂತಿಗೆ, ಸೂರ್ಯಕಾಂತಿಯ ಕುಟುಂಬದ ಗಿಡ. ಆ ಹೂಗಳು ಮೈಗಾಗದವರು ಇದರ ತಂಟೆಗೆ ಹೋಗದಿರುವುದು ಒಳ್ಳೆಯದು.

ಪುಡಿ ಗಾಳಿಯ ತೇವ ಎಳೆದುಕೊಂಡು ವಾರದಲ್ಲೇ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬಿಗಿ ಮುಚ್ಚಳದ ಡಬ್ಬ, ಒಣ ಚಮಚ, ಒಲೆಯಿಂದ ದೂರ. ಗಂಟು ಕಟ್ಟಿದ್ದನ್ನು ಎಸೆಯಬೇಕಿಲ್ಲ, ಬೂಸ್ಟು ಹಿಡಿಯದಿದ್ದರೆ ಕುಟ್ಟಿ ಬಳಸಬಹುದು. ಪಾಸ್ಕ ಹಬ್ಬದ ಹೊತ್ತಿಗೆ ಮಿಕ್ಕಿದ್ದನ್ನು ನಾಲ್ಕು ಪಾಲು ಕಾಫಿಪುಡಿಗೆ ಒಂದು ಪಾಲಿನಂತೆ ಬೆರೆಸಿದರೆ ನಿಮ್ಮ ಹಳೆಯ ಎಂಬತ್ತು-ಇಪ್ಪತ್ತು ಸಿದ್ಧ.