ಆಕ್ಲೆಂಡಿನಲ್ಲಿ ನಮ್ಮ ಟೊಯೋಟಾ ಆಕ್ವಾ: ಓಡೋದು ಚೆನ್ನಾಗಿದೆ, ವಯಸ್ಸು ಮಾತ್ರ ಹುಡುಕಬೇಕು

ನ್ಯೂಜಿಲೆಂಡಿಗೆ ಜಪಾನಿನಿಂದ ಹಡಗಿನಲ್ಲಿ ಬಂದ ಸೆಕೆಂಡ್ ಹ್ಯಾಂಡ್ ಆಕ್ವಾ ನಮ್ಮದು. ಕೆಲವು ವರ್ಷಗಳಿಂದ ಓಡಿಸುತ್ತಿದ್ದೇವೆ. 1.5 ಲೀಟರ್ ಹೈಬ್ರಿಡ್, ಸಿಟಿ ಟ್ರಾಫಿಕ್‌ನಲ್ಲೂ ಲೀಟರಿಗೆ 20 ಕಿ.ಮೀ. ಆರಾಮಾಗಿ ದಾಟುತ್ತದೆ. ಹಿಂದಿನ ಸೀಟು ಎತ್ತರದವರಿಗೆ ಇಕ್ಕಟ್ಟು. ಸ್ಟಾರ್ಟ್ ಮಾಡಿದಾಗಲೆಲ್ಲ ಒಂದು ಹೆಣ್ಣುದನಿ ಜಪಾನಿ ಭಾಷೆಯಲ್ಲಿ ಇಟಿಸಿ ಕಾರ್ಡ್ ಹಾಕಿಲ್ಲ ಎನ್ನುತ್ತದೆ. ಅದು ಜಪಾನಿನ ಟೋಲ್ ಕಾರ್ಡ್, ಇಲ್ಲಿ ಎಲ್ಲಿಂದ ತರೋಣ?

ತಲೆ ತಿಂದದ್ದು ಇದ್ಯಾವುದೂ ಅಲ್ಲ. ಕಾರು ತಯಾರಾದದ್ದು ಯಾವಾಗ ಅನ್ನೋದು.

ಡೀಲರ್ 2014 ಅಂದ. ಸುಳ್ಳಲ್ಲ. ಹರಾಜಿನ ಶೀಟಿನಲ್ಲಿ (ಜಪಾನಿನಲ್ಲಿ ಕಾರು ಹರಾಜಾದಾಗ ಕೊಡುವ ವಿವರಪಟ್ಟಿ) ಹೈಸೆ 26, ಜನವರಿ ಅಂತಲೇ ಇತ್ತು. ಹೈಸೆ ಅಂದರೆ ಜಪಾನಿನ ಚಕ್ರವರ್ತಿಯ ಆಳ್ವಿಕೆಯಿಂದ ಎಣಿಸುವ ವರ್ಷ, ಅದಕ್ಕೆ 1988 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. (2019ರ ಮೇ ತಿಂಗಳಿಂದ ರೇವಾ ಶುರು, ಅದಕ್ಕೆ 2018 ಕೂಡಿಸಿ.) ಆದರೆ ಇದು ಜಪಾನಿನಲ್ಲಿ ಮೊದಲ ಸಲ ರಿಜಿಸ್ಟರ್ ಆದ ತಿಂಗಳು, ಫ್ಯಾಕ್ಟರಿಯಿಂದ ಹೊರಬಿದ್ದ ತಿಂಗಳಲ್ಲ.

ಚಾಸಿ ನಂಬರ್ ನೋಡೋಣ ಅಂದರೆ ಎನ್‌ಎಚ್‌ಪಿ10, ಒಂದು ಗೆರೆ, ಆಮೇಲೆ ಏಳು ಅಂಕಿ. ಮೊದಲಿನದು ಮಾಡೆಲ್, ಉಳಿದದ್ದು ಕ್ರಮಸಂಖ್ಯೆ. ವರ್ಷ ಎಲ್ಲೂ ಇಲ್ಲ. ಇಲ್ಲಿ ಕೊಟ್ಟ 17 ಅಕ್ಷರದ ವಿನ್ ನಂಬರ್ (ವಾಹನದ ಗುರುತಿನ ಸಂಖ್ಯೆ) 7ಎಟಿ ಎಂದು ಶುರುವಾಗುತ್ತದೆ. ಅದು ನ್ಯೂಜಿಲೆಂಡಿನಲ್ಲಿ ಹಾಕಿದ್ದು, ಬೇರೆ ಕೆಲವು ಕಾರುಗಳ ವಿನ್‌ನಲ್ಲಿರುವಂತೆ ಅದರ ಹತ್ತನೇ ಅಕ್ಷರದಲ್ಲಿ ವರ್ಷ ಹುಡುಕೋದು ಸುಮ್ನೆ ದಂಡ.

ನನಗೆ ದಾರಿ ತೋರಿಸಿದ್ದು ಸೀಟ್ ಬೆಲ್ಟ್. ಪೂರ್ತಿ ಎಳೆದು ಬುಡದ ಹತ್ತಿರ ನೋಡಿ, ಬಟ್ಟೆಯ ಚೀಟಿ ಹೊಲಿದಿರುತ್ತದೆ. ನಮ್ಮದರಲ್ಲಿ ಸಣ್ಣ ಅಕ್ಷರದಲ್ಲಿ 2013, ಸೆಪ್ಟೆಂಬರ್. ಬೆಲ್ಟ್ ಬದಲಾಗಿಲ್ಲ ಅಂದರೆ ಕಾರು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ, ರಿಜಿಸ್ಟರ್ ಆದ ತಿಂಗಳಿಗಿಂತ ಹೊಸದೂ ಅಲ್ಲ. ಅಲ್ಲಿಗೆ ನಾಲ್ಕೈದು ತಿಂಗಳೊಳಗೆ ಸಿಕ್ಕಿಬಿತ್ತು. ಟೈರಿನ ಮೇಲಿನ ನಾಲ್ಕಂಕಿ (2213 ಅಂದರೆ 2013ರ 22ನೇ ವಾರ) ಟೈರಿನ ವಯಸ್ಸಷ್ಟೇ, ಕಾರಿನದಲ್ಲ. ಎಷ್ಟು ಸಲ ಬದಲಾಯಿಸಿರುತ್ತಾರೋ ಯಾರಿಗೆ ಗೊತ್ತು.

ಇಷ್ಟು ಕೆದಕೋದು ಯಾಕೆ ಅಂದರೆ, ಆಕ್ವಾಗೆ 2013ರ ಕೊನೆಯಲ್ಲೇ ಸುಧಾರಣೆಗಳಾದವು. ಜಪಾನಿನ ಪರೀಕ್ಷೆಯ ಮೈಲೇಜ್ 35.4ರಿಂದ 37ಕ್ಕೆ ಏರಿತು, ಬಾಡಿಯೂ ಗಟ್ಟಿಯಾಯಿತು. 2014 ಅಂತ ಮಾರುವ ಕಾರು ಹಳೆಯದು, ಸುಧಾರಿಸಿದ್ದು ಎರಡರಲ್ಲಿ ಯಾವುದಾದರೂ ಇರಬಹುದು, ಬೆಲೆ ಮಾತ್ರ ಹೊಸದರದ್ದು! ಕೊನೆಗೆ ಬ್ರೇಕ್ ಪ್ಯಾಡ್ ತರಲು ಹೋದಾಗ ಪಾರ್ಟ್ಸ್ ಕೌಂಟರಿನವರು ಚಾಸಿ ನಂಬರ್ ಹಾಕಿ ಅಕ್ಟೋಬರ್ 2013 ಎಂದರು. ಅಂದರೆ ನಮ್ಮದು ಹಳೆಯ ಆವೃತ್ತಿ. ಬೆಲ್ಟ್ ಚೀಟಿ ತೋರಿಸಿ ಚೌಕಾಸಿ ಮಾಡಿಯೇ ಕೊಂಡಿದ್ದರಿಂದ ಬೇಜಾರಾಗಲಿಲ್ಲ.

ಜಪಾನ್ ಕಾರು ನೋಡಲು ಹೋಗುವವರು ಹರಾಜಿನ ಶೀಟ್ ಕೇಳಿ, ಬೆಲ್ಟ್ ಎಳೆದು ನೋಡಿ. ಡೀಲರ್ ಮುಖ ಸಿಂಡರಿಸಿದರೆ ಸಿಂಡರಿಸಲಿ.