ಕೀವರ್ಡ್ ಲೆಕ್ಕ ತೋರಿಸಿ ವೆಬ್‌ಸೈಟ್ ಮಾರುವವರಿದ್ದಾರೆ, ಹುಷಾರು

ಯಾರಾದರೂ ಒಂದು ಎಕ್ಸೆಲ್ ಶೀಟ್ ಕಳಿಸಿ, "ಈ ಕೀವರ್ಡ್‌ಗಳಿಂದ (ಜನ ಗೂಗಲ್‌ನಲ್ಲಿ ಹುಡುಕುವ ಪದಗಳಿಂದ) ತಿಂಗಳಿಗೆ ಇಷ್ಟು ಜಾಹೀರಾತು ಆದಾಯ ಬರಬಹುದು" ಅಂತ ರೆಡಿ ವೆಬ್‌ಸೈಟ್ ಮಾರಲು ಬಂದರೆ, ದುಡ್ಡು ಕೊಡುವ ಮುಂಚೆ ಇದನ್ನು ಓದಿ. ನಾನು ಅಂಥದ್ದೊಂದು ಸೈಟ್ ತಗೊಂಡೆ. ಶೀಟಿನಲ್ಲಿದ್ದ ಮೊತ್ತದ ನೂರರಲ್ಲೊಂದು ಪಾಲೂ ಬರಲಿಲ್ಲ. ಸೈಟಿನ ಬರಹಗಳೇನೋ ತಕ್ಕಮಟ್ಟಿಗೆ ಚೆನ್ನಾಗೇ ಇದ್ದವು, ಲೆಕ್ಕವೇ ಬುಡದಿಂದ ಹುಸಿ.

ಶೀಟ್ ತುಂಬ ಇನ್ಶೂರೆನ್ಸ್ ಕೀವರ್ಡ್‌ಗಳು. ಪ್ರತಿಯೊಂದರ ಪಕ್ಕ ತಿಂಗಳ ಹುಡುಕಾಟ, ಪೈಪೋಟಿ, ಸಿಪಿಸಿ (ಜಾಹೀರಾತಿನ ಒಂದು ಕ್ಲಿಕ್ಕಿನ ದರ), ಕೊನೆಗೆ ಹಸಿರು ಬಣ್ಣದಲ್ಲಿ ಆದಾಯ. ಆ ಹಸಿರು ಅಂಕಿಯ ಮೇಲೆ ಕ್ಲಿಕ್ ಮಾಡಿದರೆ ಫಾರ್ಮುಲಾ ಕಾಣುತ್ತದೆ: ಹುಡುಕಾಟದ ಶೇ. 30ನ್ನು ಸಿಪಿಸಿಯಿಂದ ಗುಣಿಸಿದ್ದಾರೆ. ಅಷ್ಟೇ! ಅಂದರೆ 10,000 ಸಲ ಹುಡುಕಿದರೆ 3,000 ಜನ ನಮ್ಮ ಸೈಟಿಗೆ ಬರುತ್ತಾರೆ, ಬಂದವರೆಲ್ಲ ಒಬ್ಬರೂ ತಪ್ಪದೆ ಜಾಹೀರಾತು ಒತ್ತಿ ಹೋಗುತ್ತಾರೆ. ನೀವು ಕೊನೆಯದಾಗಿ ಒಂದು ಜಾಹೀರಾತನ್ನು ಬೇಕು ಅಂತಲೇ ಒತ್ತಿದ್ದು ಯಾವಾಗ, ನೆನಪಿದೆಯಾ? ನೂರಕ್ಕೆ ಒಬ್ಬರು ಒತ್ತುತ್ತಾರೆ ಅಂತ ಹಿಡಿದರೂ ಆ 3,000 ಕ್ಲಿಕ್ ಬರೀ 30 ಆಗುತ್ತದೆ. ಇನ್ನು ಆ ಶೇ. 30 ಅನ್ನೋದು ಗೂಗಲ್ ಫಲಿತಾಂಶದಲ್ಲಿ ಮೊದಲ ಸ್ಥಾನದಲ್ಲಿ ಕೂತ ಸೈಟಿಗೆ ಸಿಕ್ಕರೆ ಸಿಕ್ಕೀತು. ಎರಡನೇ ಪುಟದಲ್ಲಿ ಬಿದ್ದಿರುವ ಹೊಸ ಸೈಟನ್ನು ಯಾರೂ ಮೂಸಿ ನೋಡಲ್ಲ. ಅದೂ ಸಾಲದು ಅಂತ ಎಷ್ಟೋ ಪ್ರಶ್ನೆಗಳಿಗೆ ಗೂಗಲ್ ತಾನೇ ಮೇಲೆ ಉತ್ತರ ಕೊಟ್ಟುಬಿಡುತ್ತದೆ. 2024ರಿಂದ ಎಐ ಉತ್ತರಗಳೂ ಅಲ್ಲಿ ಬಂದು ಕೂತಿವೆ.

ಸಿಪಿಸಿ ವಿಷಯ ಇನ್ನೂ ಮೋಸ. ಶೀಟಿನ ಅಂಕಿಗಳ ಮೂಲವಾದ ಕೀವರ್ಡ್ ಪ್ಲ್ಯಾನರ್ (ಜಾಹೀರಾತುದಾರರಿಗೆ ಗೂಗಲ್ ಕೊಡುವ ಸಾಧನ) ತೋರಿಸುವ ದರ ಗೂಗಲ್‌ನ ಹುಡುಕಾಟ ಪುಟದಲ್ಲಿ ಜಾಹೀರಾತು ಹಾಕಲು ಕಂಪನಿಗಳು ಕೂಗುವ ಬಿಡ್. ನಮ್ಮ ಸೈಟಿನ ಮೂಲೆಯಲ್ಲಿ ಕಾಣುವ ಜಾಹೀರಾತಿನ ದರ ಬೇರೆ, ಸಾಮಾನ್ಯವಾಗಿ ತುಂಬಾ ಕಡಿಮೆ. ಅದರಲ್ಲೂ ಆಡ್‌ಸೆನ್ಸ್‌ನಲ್ಲಿ (ನಮ್ಮ ಸೈಟಿನಲ್ಲಿ ಜಾಹೀರಾತು ತೋರಿಸಿ ಹಣ ಕೊಡುವ ಗೂಗಲ್ ಸೇವೆ) ಸೈಟಿನವರಿಗೆ ಸಿಗುವುದು ಸುಮಾರು ಶೇ. 68. ಈಗ ಆಡ್‌ಸೆನ್ಸ್ ಕ್ಲಿಕ್ ಲೆಕ್ಕ ಬಿಟ್ಟು ಇಂಪ್ರೆಶನ್ ಲೆಕ್ಕದಲ್ಲೇ, ಅಂದರೆ ಜಾಹೀರಾತು ಎಷ್ಟು ಸಲ ಕಾಣಿಸಿತು ಅನ್ನುವುದರ ಮೇಲೆ, ಹಣ ಕೊಡುತ್ತದೆ, ಹಾಗಾಗಿ ಈ ಸಿಪಿಸಿ ಗುಣಾಕಾರಕ್ಕೆ ಅರ್ಥವೇ ಇಲ್ಲ.

'ಪೈಪೋಟಿ ಕಡಿಮೆ' ಅಂತ ಬರೆದದ್ದನ್ನು ನೋಡಿ ಖುಷಿ ಪಡಬೇಡಿ. ಅದು ಜಾಹೀರಾತುದಾರರ ನಡುವಿನ ಪೈಪೋಟಿ. ಆ ಪದಕ್ಕೆ ಗೂಗಲ್ ಫಲಿತಾಂಶದಲ್ಲಿ ನಿಮ್ಮ ಸೈಟ್ ಮೇಲಕ್ಕೆ ಬರುವುದು ಎಷ್ಟು ಕಷ್ಟ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು ಕಿತಾಪತಿ ನನ್ನ ಕಣ್ಣಿಗೆ ಬಿದ್ದದ್ದು ತಡವಾಗಿ. ಸಾಲುಸಾಲಾಗಿ ಒಂದೇ ಸಂಖ್ಯೆ! ಏಕವಚನಕ್ಕೊಂದು ಸಾಲು, ಬಹುವಚನಕ್ಕೊಂದು, ಕಾಗುಣಿತ ತಪ್ಪಿದ್ದಕ್ಕೆ ಮತ್ತೊಂದು. ಪ್ಲ್ಯಾನರ್ ಇಂಥ ಹತ್ತಿರದ ಪದಗಳನ್ನು ಒಟ್ಟು ಸೇರಿಸಿ ಎಲ್ಲಕ್ಕೂ ಒಂದೇ ಸಂಖ್ಯೆ ತೋರಿಸುತ್ತದೆ. ಈ ಪುಣ್ಯಾತ್ಮ ಅದನ್ನೆಲ್ಲ ಕೂಡಿಸಿ ಮೊತ್ತ ಹಾಕಿದ್ದಾನೆ. ಅಂದರೆ ಅದೇ ಜನರನ್ನು ನಾಲ್ಕೈದು ಸಲ ಎಣಿಸಿ ಮಾರಿದ ಹಾಗಾಯ್ತು.

ಮಾರಿದವನನ್ನು ಕೇಳಿದೆ. "ಅದು ಅಂದಾಜು ಸರ್, ಗ್ಯಾರಂಟಿ ಅಲ್ಲ, ಕೆಳಗೆ ಬರೆದಿದೆ ನೋಡಿ" ಅಂದ. ನಿಜ, ಶೀಟಿನ ತಳದಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಇತ್ತು. ದುಡ್ಡು ವಾಪಸ್ ಅಂದ ಮೇಲೆ ಮೆಸೇಜಿಗೆ ಉತ್ತರವೇ ಇಲ್ಲ.

ನೀವು ಸೈಟ್ ತಗೊಳ್ಳುವುದಾದರೆ ಕೀವರ್ಡ್ ಶೀಟ್ ಪಕ್ಕಕ್ಕಿಡಿ. ಸರ್ಚ್ ಕನ್ಸೋಲ್‌ಗೆ (ಗೂಗಲ್ ಹುಡುಕಾಟದಲ್ಲಿ ಸೈಟ್ ಹೇಗಿದೆ ಅಂತ ಮಾಲೀಕರಿಗೆ ತೋರಿಸುವ ಗೂಗಲ್ ಸಾಧನ) ನಿಮ್ಮನ್ನು ಸೇರಿಸಲು ಹೇಳಿ, ನೋಡುವ ಅನುಮತಿ ಮಾತ್ರ ಸಾಕು. ಯಾವ ಪದಕ್ಕೆ ಸೈಟ್ ಎಷ್ಟನೇ ಸ್ಥಾನದಲ್ಲಿದೆ, ಎಷ್ಟು ಕ್ಲಿಕ್ ನಿಜವಾಗಿ ಬಂದಿದೆ, ಎಲ್ಲ ಅಲ್ಲೇ ಸಿಗುತ್ತದೆ. ಆದಾಯದ ರಿಪೋರ್ಟನ್ನು ವಿಡಿಯೋ ಕಾಲ್‌ನಲ್ಲಿ ಸ್ಕ್ರೀನ್ ಹಂಚಿಕೊಂಡು ತೋರಿಸಲಿ, ಜೊತೆಗೆ ಪುಟವನ್ನು ನಿಮ್ಮ ಕಣ್ಣೆದುರೇ ರಿಫ್ರೆಶ್ ಮಾಡಿಸಿ, ಯಾಕಂದ್ರೆ ಬ್ರೌಸರ್‌ನಲ್ಲೇ ಅಂಕಿ ತಿದ್ದಿ ಫೋಟೋ ತೆಗೆಯುವುದು ಎರಡು ನಿಮಿಷದ ಕೆಲಸ. ಇಷ್ಟಕ್ಕೂ ಸಬೂಬು ಹೇಳಿದರೆ ಅಲ್ಲಿಗೇ ಬಿಟ್ಟುಬಿಡಿ.